ಹಳ್ಳದಿಂದ ಕಡಲಿನವರೆಗೆ: ಕಡಲತೀರದ ಜೀವಿಗಳ ದಾಖಲಾತಿಯಲ್ಲಿ ಒಳನಾಡಿನ ರೈತರ ಪಾತ್ರ

ಧಾರವಾಡ ಜಿಲ್ಲೆಗೆ ಕಡಲತೀರವಿಲ್ಲ. ಆದರೂ ಇಲ್ಲಿ ಬಿದ್ದ ಮಳೆಯು ಎರಡು ಕಡಲುಗಳಿಗೆ ಪಾಲಾಗುತ್ತದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯು ಕಲಘಟಗಿ ಭಾಗದಲ್ಲಿ ಬೇಡ್ತಿಯನ್ನು ಸೇರುತ್ತದೆ. ಬೇಡ್ತಿಯು ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಘಟ್ಟದ ಕೆಳಗೆ ಗಂಗಾವಳಿ ಎಂಬ ಹೆಸರು ಪಡೆದು, ಅಂಕೋಲಾ ಮತ್ತು ಗೋಕರ್ಣಗಳ ನಡುವಿನ ಮಂಜಗುಣಿಯಲ್ಲಿ ಅರಬ್ಬಿ ಸಮುದ್ರವನ್ನು ಕೂಡುತ್ತದೆ. ಕುಂದಗೋಳ, ಅಣ್ಣಿಗೇರಿ ಮತ್ತು ನವಲಗುಂದ ತಾಲ್ಲೂಕುಗಳ ಎರೆಭೂಮಿಯ ನೀರು ಬಹುಪಾಲು ಬೆಣ್ಣೆಹಳ್ಳ, ತುಪ್ಪರಿಹಳ್ಳಗಳ ಮೂಲಕ ಮಲಪ್ರಭೆಗೆ, ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೊನೆಗೆ ಆಂಧ್ರಪ್ರದೇಶದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ತಲುಪುತ್ತದೆ.

ಆದ್ದರಿಂದ ಕಡಲ ಸಂರಕ್ಷಣೆ ಎಂಬುದು ಕಾರವಾರ, ಕುಮಟಾ, ಹೊನ್ನಾವರದ ಮೀನುಗಾರರಿಗೆ ಮಾತ್ರ ಸೇರಿದ ವಿಷಯವೆಂದು ಒಳನಾಡಿನ ರೈತರು ಭಾವಿಸುವಂತಿಲ್ಲ. ಈ ಲೇಖನದಲ್ಲಿ, ರೈತರು ತಮ್ಮ ಹಳ್ಳ-ಕೆರೆಗಳ ದಂಡೆಯಲ್ಲಿಯೂ, ವರ್ಷಕ್ಕೊಮ್ಮೆ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋದಾಗ ಕಡಲದಂಡೆಯಲ್ಲಿಯೂ ಕಂಡ ಜೀವಿಗಳನ್ನು ಶಾಸ್ತ್ರೀಯವಾಗಿ ಬಳಸಬಹುದಾದ ರೀತಿಯಲ್ಲಿ ದಾಖಲಿಸುವ ಕ್ರಮವನ್ನು ವಿವರಿಸಲಾಗಿದೆ. ಇದಕ್ಕೆ ಪದವಿ ಬೇಕಿಲ್ಲ. ಬೆಳೆಯ ಎಲೆ ತಿರುವಿ ಕೀಟದ ಮೊಟ್ಟೆ ಹುಡುಕುವ ಕಣ್ಣು ನಿಮಗಿದೆ. ಆ ಕಣ್ಣಿಗೆ ಒಂದು ವಹಿಯ ಜೊತೆ ಸಿಕ್ಕರೆ ಸಾಕು.

ಕಡಲಿಗೆ ಸೇರುವ ನೀರು

‘ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು’ ಎಂಬ ಮಾತು ನವಲಗುಂದ ಭಾಗದಲ್ಲಿ ಹೊಸದಲ್ಲ. ಮಹದಾಯಿ ಹಾಗೂ ಕಳಸಾ-ಬಂಡೂರಿ ಹೋರಾಟದ ನಾಡಿನಲ್ಲಿ ಆ ಮಾತಿನ ಹಿಂದೆ ಇರುವುದು ಒಣಗಿದ ಕಾಲುವೆ ಮತ್ತು ಕುಡಿಯುವ ನೀರಿನ ಕೊರತೆ. ಕುಡಿಯುವ ನೀರಿನ ಬೇಡಿಕೆ ನ್ಯಾಯವಾದುದೇ. ನ್ಯಾಯಾಧಿಕರಣವು 2018ರಲ್ಲಿ ತೀರ್ಪು ನೀಡಿದ ಆ ವ್ಯಾಜ್ಯವನ್ನು ಚರ್ಚಿಸುವುದು ಇಲ್ಲಿನ ಉದ್ದೇಶವಲ್ಲ. ಆದರೆ ಒಬ್ಬ ಬೇಸಾಯ ವಿಜ್ಞಾನಿಯಾಗಿ ಒಂದು ಮಾತನ್ನು ಹೇಳಲೇಬೇಕಾಗುತ್ತದೆ: ಕಡಲು ಸೇರುವ ನೀರು ಅಲ್ಲಿಯೂ ಒಂದು ಬೆಳೆಯನ್ನು ಬೆಳೆಸುತ್ತದೆ.

ಸಿಹಿನೀರು ಮತ್ತು ಉಪ್ಪುನೀರು ಬೆರೆಯುವ ಅಳಿವೆಯಲ್ಲಿ ನದಿ ತಂದ ರೇವೆಮಣ್ಣು ಹಾಗೂ ಪೋಷಕಾಂಶಗಳನ್ನು ನಂಬಿ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ. ಅವುಗಳನ್ನು ನಂಬಿ ಸಿಗಡಿ, ಏಡಿ, ಚಿಪ್ಪುಜೀವಿ ಮತ್ತು ಮೀನುಮರಿಗಳು ಬೆಳೆಯುತ್ತವೆ. ಗಂಗಾವಳಿಯ ದಕ್ಷಿಣಕ್ಕಿರುವ ಅಘನಾಶಿನಿ ಅಳಿವೆಯು ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ಚಿಪ್ಪು ಆಯುವುದು ಅನೇಕ ಕುಟುಂಬಗಳ ಜೀವನೋಪಾಯ. ಅಲ್ಲಿನ ಗಜನಿ ಭೂಮಿಯಲ್ಲಿ ಉಪ್ಪನ್ನು ಸಹಿಸುವ ಕಗ್ಗ ಭತ್ತವನ್ನು ರೈತರು ತಲೆಮಾರುಗಳಿಂದ ಬೆಳೆಯುತ್ತ ಬಂದಿದ್ದಾರೆ. 2024ರ ಜನವರಿಯಲ್ಲಿ ಈ ಅಳಿವೆಯು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ಸಮಯದಲ್ಲಿ ಪಟ್ಟಿಗೆ ಸೇರಿದ ಇನ್ನೊಂದು ತಾಣ ನಮ್ಮ ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆ.

ಪೂರ್ವದ ಕಡೆ ಚಿತ್ರ ಬೇರೆ. ಕೃಷ್ಣೆ ಹಾಗೂ ಅದರ ಉಪನದಿಗಳಿಗೆ ಸಾಲುಸಾಲು ಅಣೆಕಟ್ಟುಗಳಾದ ಮೇಲೆ ಅನೇಕ ವರ್ಷಗಳಲ್ಲಿ ಕಡಲನ್ನು ತಲುಪುವ ನೀರು ಮತ್ತು ಹೂಳು ತೀರ ಕಡಿಮೆಯಾಗಿದೆ. ಹೂಳು ಬಾರದ ಮುಖಜಭೂಮಿಯ ಅಂಚನ್ನು ಅಲೆಗಳು ಕೊರೆಯುತ್ತವೆ. ಆ ಅಂಚಿನ ಮರಳಿನಲ್ಲಿಯೇ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ನವಲಗುಂದದ ಹೊಲದ ಬದುವಿಗೂ ಹಂಸಲದೀವಿಯ ಮರಳದಂಡೆಗೂ ನಡುವೆ ಇರುವುದು ಒಂದೇ ನೀರಿನ ದಾರಿ.

ದಾಖಲೆ ಎಂದರೇನು

‘ಮೊದಲು ಹಳ್ಳದ ತುಂಬ ಏಡಿ ಇದ್ದವು, ಈಗ ಇಲ್ಲ’ ಎಂದು ಹಿರಿಯರು ಹೇಳುವುದುಂಟು. ಈ ಮಾತು ನಿಜವೇ ಇರಬಹುದು. ಆದರೆ ಯಾವ ಹಳ್ಳ, ಯಾವ ವರ್ಷ, ಎಷ್ಟು ಹೊತ್ತು ಹುಡುಕಿದಾಗ ಎಷ್ಟು ಏಡಿ ಎಂಬ ವಿವರವಿಲ್ಲದೆ ಇದು ದಾಖಲೆ ಎನಿಸುವುದಿಲ್ಲ. ಒಂದು ದಾಖಲೆಯಲ್ಲಿ ಕನಿಷ್ಠ ನಾಲ್ಕು ಸಂಗತಿಗಳಿರಬೇಕು: ಏನನ್ನು ಕಂಡಿರಿ, ಎಲ್ಲಿ ಕಂಡಿರಿ, ಯಾವಾಗ ಕಂಡಿರಿ, ಕಂಡವರು ಯಾರು. ಇವುಗಳಿಗೆ ಐದನೆಯದಾಗಿ ಎಷ್ಟು ಹೊತ್ತು ನೋಡಿದಿರಿ ಎಂಬುದನ್ನು ಸೇರಿಸಿದರೆ ದಾಖಲೆಯ ಬೆಲೆ ಹಲವು ಪಟ್ಟು ಹೆಚ್ಚುತ್ತದೆ.

ಮಳೆಮಾಪಕ ಇಟ್ಟುಕೊಂಡ ರೈತರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಳೆ ಬಂದ ದಿನ ಮಾತ್ರ ಬರೆದು, ಬಾರದ ದಿನ ಬಿಟ್ಟರೆ, ಮುಂದೆ ಆ ವಹಿಯನ್ನು ಓದುವವರಿಗೆ ಖಾಲಿ ಜಾಗವು ‘ಮಳೆ ಇಲ್ಲ’ ಎಂದೋ ‘ಅಂದು ನೋಡಲಿಲ್ಲ’ ಎಂದೋ ತಿಳಿಯದು. ಆದ್ದರಿಂದ ಬಾರದ ದಿನ ಸೊನ್ನೆ ಬರೆಯುತ್ತೇವೆ. ಕಡಲೆಯ ಹೊಲದಲ್ಲಿ ಕಾಯಿಕೊರಕದ ಪತಂಗಗಳಿಗೆ ಕಟ್ಟಿದ ಮೋಹಕ ಬಲೆಯಲ್ಲಿಯೂ ಹೀಗೆಯೇ. ಜೀವಿಗಳ ದಾಖಲಾತಿಯಲ್ಲಿ ಹೊಸಬರು ಕೈಬಿಡುವುದು ಈ ಸೊನ್ನೆಯನ್ನೇ. ಅಪರೂಪದ ಹಕ್ಕಿ ಕಂಡಾಗ ಹತ್ತು ಜನರಿಗೆ ಚಿತ್ರ ಕಳಿಸುತ್ತಾರೆ; ಒಂದು ಗಂಟೆ ಕೆರೆ ಸುತ್ತಿ ಏನೂ ಕಾಣದೆ ಬಂದ ದಿನ ಏನನ್ನೂ ಬರೆಯುವುದಿಲ್ಲ. ಜೀವಿಯೊಂದು ಕಡಿಮೆಯಾಗುತ್ತಿದೆಯೇ ಎಂಬುದನ್ನು ತಿಳಿಸುವುದು ಈ ಎರಡನೆಯ ದಿನ.

ಕಾಲವನ್ನು ಬರೆಯುವ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಭಾಗದ ರೈತರು ಘಟನೆಗಳನ್ನು ಮಳೆ ನಕ್ಷತ್ರಗಳಿಂದ ನೆನಪಿಡುತ್ತಾರೆ: ‘ಹುಬ್ಬಿ ಮಳಿಯೊಳಗ ಹಳ್ಳ ಬಂದಿತ್ತು’, ‘ಸ್ವಾತಿ ಮಳಿಗೆ ಬಿತ್ತಿದ್ವಿ’. ಇದನ್ನು ಅಶಾಸ್ತ್ರೀಯವೆಂದು ತಳ್ಳಿಹಾಕುವುದು ಸರಿಯಲ್ಲ. ಮಳೆ ನಕ್ಷತ್ರಗಳು ಸೂರ್ಯನ ಚಲನೆಯನ್ನು ಅನುಸರಿಸುವುದರಿಂದ ಅವು ಪ್ರತಿವರ್ಷ ಹೆಚ್ಚುಕಡಿಮೆ ಅದೇ ದಿನಾಂಕಕ್ಕೆ ಆರಂಭವಾಗುತ್ತವೆ. ಒಂದೊಂದರ ಅವಧಿ 13 ಅಥವಾ 14 ದಿನ. ಮೃಗಶಿರ ಜೂನ್ 7 ಅಥವಾ 8ರ ಸುಮಾರಿಗೆ, ಸ್ವಾತಿ ಅಕ್ಟೋಬರ್ 24ರ ಸುಮಾರಿಗೆ ಹುಟ್ಟುತ್ತದೆ. ಆದಕಾರಣ ಹಿರಿಯರ ನೆನಪಿನಲ್ಲಿ ಮಳೆಯ ಹೆಸರು ಇದ್ದರೆ ಅದನ್ನು ಎರಡು ವಾರದೊಳಗಿನ ನಿಖರತೆಗೆ ತರಬಹುದು. ವಿಸ್ತರಣಾ ಕಾರ್ಯಕರ್ತರು ಹಿರಿಯ ರೈತರನ್ನು ಸಂದರ್ಶಿಸುವಾಗ ತಿಂಗಳನ್ನು ಕೇಳುವ ಬದಲು ಮಳೆಯನ್ನು ಕೇಳುವುದು ಒಳ್ಳೆಯದು. ವರ್ಷ ನೆನಪಿರದಿದ್ದರೆ ಆ ವರ್ಷದ ಬರ, ನೆರೆ, ಮನೆಯ ಮದುವೆ ಇತ್ಯಾದಿಗಳಿಂದ ತಾಳೆ ನೋಡಬಹುದು.

ಕಡಲದಂಡೆಗೆ ಬಂದಾಗ ಬೇರೊಂದು ಲೆಕ್ಕ ಬೇಕಾಗುತ್ತದೆ. ಉಬ್ಬರ-ಇಳಿತಗಳು ಚಂದ್ರನನ್ನು ಅನುಸರಿಸುತ್ತವೆ. ಆದ್ದರಿಂದ ಕಡಲತೀರದ ದಾಖಲೆಯಲ್ಲಿ ದಿನಾಂಕದ ಪಕ್ಕದಲ್ಲಿ ತಿಥಿಯನ್ನೂ ಬರೆಯಿರಿ. ಮನೆಯ ಗೋಡೆಯ ಪಂಚಾಂಗವು ಇಲ್ಲಿ ಉಪಯುಕ್ತ ಸಾಧನ.

ಶಿವರಾತ್ರಿಯ ಗೋಕರ್ಣ

ನಮ್ಮ ಜಿಲ್ಲೆಯ ಹಳ್ಳಿಗಳಿಂದ ಜನರು ಕಡಲನ್ನು ಕಾಣುವುದು ಬಹುಮಟ್ಟಿಗೆ ಯಾತ್ರೆಯ ನೆಪದಲ್ಲಿ. ಮಹಾಶಿವರಾತ್ರಿಗೆ ಗೋಕರ್ಣಕ್ಕೆ ಹೋಗುವವರು ಅನೇಕ. ಕಡಲತೀರದ ಜೀವಿಗಳನ್ನು ನೋಡಲು ಇದಕ್ಕಿಂತ ಒಳ್ಳೆಯ ಕಾಲವನ್ನು ಆಯ್ದುಕೊಳ್ಳುವುದು ಕಷ್ಟ. ಶಿವರಾತ್ರಿ ಬರುವುದು ಮಾಘ ಬಹುಳ ಚತುರ್ದಶಿಯಂದು; ಮರುದಿನ ಅಮಾವಾಸ್ಯೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಆಸುಪಾಸಿನಲ್ಲಿ, ವಿಶೇಷವಾಗಿ ನಂತರದ ಒಂದೆರಡು ದಿನ, ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಉಳಿದ ದಿನಗಳಲ್ಲಿ ನೀರಿನಡಿಯಲ್ಲಿರುವ ಬಂಡೆಗಳು ಆಗ ಸ್ವಲ್ಪ ಹೊತ್ತು ಹೊರಗೆ ಕಾಣುತ್ತವೆ. ದಿನಕ್ಕೆ ಎರಡು ಬಾರಿ ಇಳಿತವಾಗುತ್ತದೆ, ಮತ್ತು ಅದು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರವು ಉಬ್ಬರ-ಇಳಿತಗಳ ಮುನ್ಸೂಚನೆಯನ್ನು ಒದಗಿಸುತ್ತದೆ. ಅದು ದೊರೆಯದಿದ್ದರೆ ದಂಡೆಯ ಯಾವುದೇ ಮೀನುಗಾರರನ್ನು ಕೇಳಿದರೂ ಆ ದಿನದ ಇಳಿತದ ಹೊತ್ತನ್ನು ಹೇಳುತ್ತಾರೆ.

ಇಳಿತದ ಹೊತ್ತಿಗೆ ಅರ್ಧ ಗಂಟೆ ಮುಂಚೆ ಓಂ ಕಡಲತೀರ ಅಥವಾ ಕುಡ್ಲೆ ಕಡಲತೀರದ ಬಂಡೆಗಳ ಬಳಿ ಇರಿ. ಮೊದಲಿಗೆ ಏನೂ ಕಾಣುವುದಿಲ್ಲ. ಬಂಡೆಯ ಒಂದು ಕುಳಿಯಲ್ಲಿ ನಿಂತ ನೀರಿನ ಪಕ್ಕದಲ್ಲಿ ನೆರಳು ಬೀಳದಂತೆ ಕುಳಿತು ಹತ್ತು ನಿಮಿಷ ಅಲುಗಾಡದೆ ನೋಡಿ. ಖಾಲಿ ಶಂಖವೆಂದು ತಿಳಿದದ್ದು ಕಾಲು ಚಾಚಿ ನಡೆಯಬಹುದು. ಅದು ಸನ್ಯಾಸಿ ಏಡಿ. ಬಂಡೆಗೆ ಸುಣ್ಣದ ಗಂಟುಗಳಂತೆ ಅಂಟಿಕೊಂಡಿರುವವು ಬಾರ್ನಕಲ್‌ಗಳು. ಅವು ಸಿಗಡಿ, ಏಡಿಗಳ ಬಳಗಕ್ಕೇ ಸೇರಿವೆ. ಮುಟ್ಟಿದರೆ ಮುದುಡಿಕೊಳ್ಳುವ ಹೂವಿನಂಥದ್ದು ಸಸ್ಯವಲ್ಲ, ಪ್ರಾಣಿ. ಮರಳಿನ ಮೇಲೆ ಬಿಲ ತೋಡಿ, ಕಾಲ ಸಪ್ಪಳಕ್ಕೆ ಮಾಯವಾಗುವ ಬಿಳಿಚು ಏಡಿಗಳನ್ನು ಲೆಕ್ಕ ಹಾಕಲು ಬಿಲಗಳನ್ನೇ ಎಣಿಸಬಹುದು. ಹೊಲದಲ್ಲಿ ಕಳೆಗಳನ್ನು ಎಣಿಸಲು ಒಂದು ಮೀಟರ್ ಚೌಕ ಇಡುವಂತೆ, ಮರಳಿನ ಮೇಲೆ ನಾಲ್ಕು ಕಡ್ಡಿ ನೆಟ್ಟು ಒಳಗಿನ ಬಿಲಗಳನ್ನು ಎಣಿಸಿರಿ. ಜನಸಂದಣಿ ಇರುವಲ್ಲಿ ಐದು ಚೌಕ, ಇಲ್ಲದಲ್ಲಿ ಐದು ಚೌಕ. ಈ ಸರಳ ಎಣಿಕೆಯನ್ನು ಪ್ರತಿ ಶಿವರಾತ್ರಿಗೂ ಅದೇ ಜಾಗದಲ್ಲಿ ಮಾಡಿದರೆ, ಐದು ವರ್ಷದಲ್ಲಿ ಒಂದು ಕುಟುಂಬದ ಬಳಿ ಇರುವ ವಹಿಯು ಅಮೂಲ್ಯ ಮಾಹಿತಿಯಾಗುತ್ತದೆ.

ಚಿತ್ರ ತೆಗೆಯುವಾಗ ಅಳತೆ ತಿಳಿಯಲು ಪಕ್ಕದಲ್ಲಿ ಹತ್ತು ರೂಪಾಯಿಯ ನಾಣ್ಯ ಇಡಬಹುದು. ಅದರ ಅಡ್ಡಳತೆ 27 ಮಿಲಿಮೀಟರ್. ಮೊಬೈಲಿನಲ್ಲಿ ಸ್ಥಳ ಗುರುತು ಚಾಲೂ ಇರಲಿ. ಜೀವಿಯ ಶಾಸ್ತ್ರೀಯ ಹೆಸರು ಗೊತ್ತಿರಬೇಕಿಲ್ಲ. ಸ್ಥಳೀಯ ಮೀನುಗಾರ ಮಹಿಳೆಯರು ಹೇಳುವ ಹೆಸರನ್ನು ಅವರು ಉಚ್ಚರಿಸಿದಂತೆಯೇ ಬರೆದುಕೊಳ್ಳಿ. ಊಹಿಸಿ ಬರೆದ ತಪ್ಪು ಹೆಸರಿಗಿಂತ ‘ಗೊತ್ತಿಲ್ಲ’ ಎಂದು ಬರೆದು ಸ್ಪಷ್ಟ ಚಿತ್ರ ಇಟ್ಟ ದಾಖಲೆ ಮೇಲು.

ಕೆಲವು ಎಚ್ಚರಿಕೆಗಳು ಅಗತ್ಯ. ಪಾಚಿ ಹಿಡಿದ ಬಂಡೆ ಗೊಬ್ಬರದ ಗುಂಡಿಯ ಅಂಚಿಗಿಂತ ಹೆಚ್ಚು ಜಾರುತ್ತದೆ. ಕಡಲಿಗೆ ಬೆನ್ನು ಮಾಡಿ ಕುಳಿತುಕೊಳ್ಳಬಾರದು. ನೀರು ಏರತೊಡಗಿದ ಕೂಡಲೆ ದಂಡೆಗೆ ಮರಳಬೇಕು. ಈಜು ಬಲ್ಲವರೂ ಅಲೆಯ ಸೆಳೆತಕ್ಕೆ ಸಿಕ್ಕಿದ್ದಾರೆ. ದಂಡೆಗೆ ಬಿದ್ದ ಲೋಳೆಮೀನು, ನೀಲಿ ಗುಳ್ಳೆಯಂಥ ಜೀವಿ ಸತ್ತಂತೆ ಕಂಡರೂ ಕುಟುಕಬಲ್ಲದು. ಶಂಕುವಿನ ಆಕಾರದ ಜೀವಂತ ಶಂಖಗಳಲ್ಲಿ ವಿಷವಿರುತ್ತದೆ. ಬಂಡೆಯನ್ನು ಮಗುಚಿ ನೋಡಿದರೆ ಮೊದಲಿದ್ದಂತೆಯೇ ಇಡಬೇಕು. ಇಲ್ಲವಾದರೆ ಅಡಿಯ ಜೀವಿಗಳು ಬಿಸಿಲಿಗೆ ಸಾಯುತ್ತವೆ. ಜೀವಂತ ಶಂಖ, ಹವಳ, ಕಡಲ ಕುದುರೆ, ಕಡಲ ಸೌತೆ ಇವುಗಳನ್ನು ಮನೆಗೆ ತರಬಾರದು. ಹವಳ, ಕಡಲ ಕುದುರೆ, ಕಡಲ ಸೌತೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಯಾತ್ರೆಯ ನೆನಪಿಗೆಂದು ಅಂಗಡಿಯಲ್ಲಿ ಕೊಳ್ಳುವಾಗಲೂ ಇದು ನೆನಪಿರಲಿ.

ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ನಮ್ಮ ಕರಾವಳಿಯಲ್ಲಿ ಆಲಿವ್ ರಿಡ್ಲೆ ಆಮೆಗಳು ರಾತ್ರಿ ಹೊತ್ತು ದಂಡೆಗೆ ಬಂದು ಮೊಟ್ಟೆಯಿಡುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸಿನಲ್ಲಿ ಮೊಟ್ಟೆಗಳಿದ್ದು, ಸುಮಾರು 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಬೆಳಗಿನ ಜಾವ ಮರಳಿನ ಮೇಲೆ ನೀರಿನಿಂದ ಮೇಲಕ್ಕೆ ಹೋಗಿ ಮತ್ತೆ ನೀರಿಗೆ ಮರಳಿದ ಅಗಲವಾದ ಜಾಡು, ಅದರ ಎರಡು ಬದಿಯಲ್ಲಿ ಎಡಬಲವಾಗಿ ಬಿದ್ದ ಹುಟ್ಟಿನಂಥ ಗುರುತು ಕಂಡರೆ ಅದು ಆಮೆಯದು. ಜಾಡಿನ ಚಿತ್ರ ತೆಗೆದು, ಮೇಲೆ ತುಳಿಯದೆ, ಗೂಡನ್ನು ಬಗೆಯದೆ, ಅರಣ್ಯ ಇಲಾಖೆಯ ಸಿಬ್ಬಂದಿಗೆ ತಿಳಿಸಿ. ಗೂಡಿನ ಸ್ಥಳವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಸತ್ತ ಆಮೆ ಅಥವಾ ಡಾಲ್ಫಿನ್ ಕಂಡರೂ ಅದೇ ಕ್ರಮ: ಮುಟ್ಟದೆ, ಚಿತ್ರ, ಸ್ಥಳ, ಹೊತ್ತು, ಅಂದಾಜು ಉದ್ದ, ಬಲೆಯ ತುಂಡು ಸುತ್ತಿಕೊಂಡಿದೆಯೇ ಎಂಬ ಟಿಪ್ಪಣಿ.

ನಿಮ್ಮ ಹೊಲಕ್ಕೆ ಬರುವ ಕಡಲಿನ ಅತಿಥಿಗಳು

ಕಡಲಿಗೆ ಹೋಗದ ದಿನಗಳಲ್ಲಿ ಕೆಲಸವಿಲ್ಲವೆಂದಲ್ಲ. ಕಡಲು ದಾಟುವ ಜೀವಿಗಳು ನಿಮ್ಮ ಹೊಲದಲ್ಲಿಯೇ ಇವೆ.

ಮುಂಗಾರು ಮುಗಿಯುವ ಹೊತ್ತಿಗೆ ಹೊಲದ ಮೇಲೆ ಗುಂಪುಗುಂಪಾಗಿ ತೇಲುವ ಹಳದಿ-ಕಂದು ಬಣ್ಣದ ಏರೋಪ್ಲೇನ್ ಚಿಟ್ಟೆಗಳನ್ನು ನೀವು ನೋಡಿರುತ್ತೀರಿ. ಹಾರಾಡುವ ಸಣ್ಣ ಕೀಟಗಳನ್ನು ತಿನ್ನುವುದರಿಂದ ಇವು ರೈತಸ್ನೇಹಿ. ಮಾಲ್ದೀವ್ಸ್ ದ್ವೀಪಗಳಲ್ಲಿ ನೆಲೆಸಿದ್ದ ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್, ಮರಿಮಾಡಲು ಸಿಹಿನೀರಿನ ಕೆರೆಗಳೇ ಇಲ್ಲದಂಥ ಆ ದ್ವೀಪಗಳಿಗೆ ಪ್ರತಿವರ್ಷ ಅಕ್ಟೋಬರ್ ಸುಮಾರಿಗೆ ಇವು ಅಪಾರ ಸಂಖ್ಯೆಯಲ್ಲಿ ಬರುವುದನ್ನು ವರ್ಷಗಳ ಕಾಲ ಬರೆದಿಟ್ಟರು. ಅವು ಭಾರತದಿಂದ ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತವೆಂಬ ವಾದವನ್ನು 2009ರಲ್ಲಿ ಮುಂದಿಟ್ಟರು. ಆ ವಾದದ ಬುನಾದಿ ದಿನಾಂಕಗಳ ಪಟ್ಟಿ. ಅಣ್ಣಿಗೇರಿಯ ಹೊಲವೊಂದರಲ್ಲಿ ಈ ಕೀಟಗಳ ದಂಡು ಯಾವ ದಿನ ಬಂತು, ಯಾವ ದಿನ ಖಾಲಿಯಾಯಿತು, ಗಾಳಿ ಯಾವ ದಿಕ್ಕಿನಿಂದ ಇತ್ತು ಎಂದು ಬರೆದರೆ ಅದು ಈ ದೊಡ್ಡ ಚಿತ್ರದ ಒಂದು ತುಣುಕು.

ಕೆರೆಯಂಚಿನ ಕೆಸರಿನಲ್ಲಿ ಕೊಕ್ಕು ಚುಚ್ಚುತ್ತ ಓಡಾಡುವ ಸಣ್ಣ ಗೊರವ ಜಾತಿಯ ಹಕ್ಕಿಗಳನ್ನು ಗಮನಿಸಿರಿ. ಇವುಗಳಲ್ಲಿ ಹಲವು ಚಳಿಗಾಲದಲ್ಲಿ ಉತ್ತರದ ದೇಶಗಳಿಂದ ಬಂದು, ಕಡಲದಂಡೆ, ಅಳಿವೆ, ಒಳನಾಡಿನ ಕೆರೆ ಮೂರನ್ನೂ ಬಳಸುತ್ತವೆ. 2023ರಲ್ಲಿ ಪ್ರಕಟವಾದ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ವರದಿಯು 942 ಜಾತಿಯ ಹಕ್ಕಿಗಳನ್ನು ಪರಿಶೀಲಿಸಿತು. ಹೆಚ್ಚು ಕುಸಿತ ಕಂಡ ಗುಂಪುಗಳಲ್ಲಿ ಈ ವಲಸೆ ದಂಡೆಹಕ್ಕಿಗಳೂ ಇವೆ. ಆ ವರದಿಗೆ ಆಧಾರವಾದದ್ದು 30 ಸಾವಿರಕ್ಕೂ ಹೆಚ್ಚು ಸಾಮಾನ್ಯ ಜನರು ದಾಖಲಿಸಿದ ಸುಮಾರು 3 ಕೋಟಿ ವೀಕ್ಷಣೆಗಳು. ನಗರಗಳ ಸುತ್ತ ವೀಕ್ಷಕರು ಹೆಚ್ಚು, ಎರೆಭೂಮಿಯ ಬಯಲಿನಲ್ಲಿ ಕಡಿಮೆ. ಈ ಅಂತರವನ್ನು ರೈತರಷ್ಟು ಚೆನ್ನಾಗಿ ಬೇರಾರೂ ತುಂಬಲಾರರು. ಮಾಗಡಿ ಕೆರೆಗೆ ಮಧ್ಯ ಏಷ್ಯಾದಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಮೇಯಲು ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ. ಅವು ನಿಮ್ಮ ಹೊಲಕ್ಕೆ ಇಳಿದರೆ ಬೆಳೆ, ಹಂತ, ಹಕ್ಕಿಗಳ ಸಂಖ್ಯೆ, ಹಾನಿಯ ಪ್ರಮಾಣ ಎಲ್ಲವನ್ನೂ ಬರೆಯಿರಿ. ಹಾನಿಯನ್ನು ಮುಚ್ಚಿಟ್ಟು ಬರೆದ ದಾಖಲೆಯಿಂದ ರೈತರಿಗೂ ಹಕ್ಕಿಗಳಿಗೂ ಉಪಕಾರವಿಲ್ಲ. ಚಿಗರಿಗಳ ವಿಷಯದಲ್ಲಿಯೂ ಇದೇ ಮಾತು.

ಬೇಡ್ತಿ, ಶಾಲ್ಮಲೆಗಳ ದಂಡೆಯ ಕಲಘಟಗಿ ರೈತರಿಗೆ ಒಂದು ವಿಶೇಷ ಕೋರಿಕೆ. ಪಶ್ಚಿಮ ಘಟ್ಟದ ನದಿಗಳಲ್ಲಿ ಕಾಣುವ ನಿಜವಾದ ಹಾವುಮೀನು ಹುಟ್ಟುವುದು ಕಡಲಿನಲ್ಲಿ. ಎಳೆಯ ಮರಿಗಳು ನದಿಯನ್ನೇರಿ ಬಂದು ವರ್ಷಗಳ ಕಾಲ ಸಿಹಿನೀರಿನಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಕಡಲಿಗೆ ಇಳಿಯುತ್ತವೆ. ನಮ್ಮ ಹಳ್ಳಗಳಲ್ಲಿ ಹಾವಿನಂತೆ ಕಾಣುವ ಬೇರೆ ಮೀನುಗಳೂ ಇರುವುದರಿಂದ ಗುರುತು ಮುಖ್ಯ: ಕಡಲಿನಿಂದ ಬಂದದ್ದಕ್ಕೆ ಕಿವಿರಿನ ಹಿಂದೆ ಒಂದು ಜೊತೆ ಈಜುರೆಕ್ಕೆ ಇರುತ್ತದೆ, ಬೆನ್ನಿನ ಮೇಲೆ ಬಿಡಿ ಮುಳ್ಳುಗಳ ಸಾಲು ಇರುವುದಿಲ್ಲ. ತಲೆಯ ಪಕ್ಕದಿಂದ ಮತ್ತು ಬೆನ್ನಿನ ಮೇಲಿಂದ ಎರಡು ಚಿತ್ರ ತೆಗೆದು ಮೀನನ್ನು ನೀರಿಗೆ ಬಿಡಿ. ಚೆಕ್‌ಡ್ಯಾಮಿನ ಮೇಲ್ಭಾಗದಲ್ಲಿ ಸಿಕ್ಕಿತೋ ಕೆಳಭಾಗದಲ್ಲಿ ಸಿಕ್ಕಿತೋ ಎಂಬುದನ್ನು ತಪ್ಪದೆ ಬರೆಯಿರಿ.

ಮೀನು ಸತ್ತ ದಿನ

ಬರೆಯಲು ಯಾರಿಗೂ ಮನಸ್ಸಾಗದ ದಾಖಲೆಯೊಂದಿದೆ. ಹಳ್ಳದಲ್ಲಿಯೋ ಕೆರೆಯಲ್ಲಿಯೋ ಬೆಳಗಾಗುವಷ್ಟರಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದರೆ ಊರಿನಲ್ಲಿ ಮೊದಲು ಏಳುವ ಪ್ರಶ್ನೆ ‘ಯಾರ ಹೊಲದ ಎಣ್ಣಿ?’ ಎಂಬುದು. ಆ ಪ್ರಶ್ನೆಯ ಭಯದಿಂದ ಘಟನೆಯೇ ದಾಖಲಾಗದೆ ಹೋಗುತ್ತದೆ.

ಕಾರಣಗಳು ಹಲವಿರಬಹುದು. ಪಾಚಿ ಹೆಚ್ಚಿದ ನೀರಿನಲ್ಲಿ ಮೋಡ ಕವಿದ ದಿನಗಳ ನಂತರ ನಸುಕಿನಲ್ಲಿ ಆಮ್ಲಜನಕ ಕುಸಿಯುತ್ತದೆ. ಬೇಸಿಗೆಯ ಕೊಳೆಯನ್ನು ಮೊದಲ ದೊಡ್ಡ ಮಳೆ ಒಮ್ಮೆಲೆ ಕೊಚ್ಚಿ ತಂದಾಗಲೂ ಹೀಗಾಗುತ್ತದೆ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಮುಂತಾದ ಪೈರಿಥ್ರಾಯ್ಡ್ ಕೀಟನಾಶಕಗಳು ಮೀನು, ಏಡಿ, ಸಿಗಡಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕ. ನೋಡಿದವರು ತೀರ್ಪು ಬರೆಯಬೇಕಿಲ್ಲ, ಕಂಡದ್ದನ್ನು ಬರೆದರೆ ಸಾಕು: ಹೊತ್ತು, ಹಿಂದಿನ ಎರಡು ದಿನದ ಹವೆ, ನೀರಿನ ಬಣ್ಣ, ವಾಸನೆ, ನೊರೆ, ಮೀನುಗಳು ಮಾತ್ರ ಸತ್ತಿವೆಯೇ ಅಥವಾ ಏಡಿ, ಕಪ್ಪೆ, ನೀರಿನ ಹುಳಗಳೂ ಸತ್ತಿವೆಯೇ. ಏಡಿ ಮತ್ತು ಹುಳಗಳು ಮೊದಲು ಸತ್ತಿದ್ದರೆ ಕೀಟನಾಶಕದ ಸಂದೇಹ ಹೆಚ್ಚು. ದೊಡ್ಡ ಮೀನುಗಳು ಮೇಲೆ ಬಂದು ಗಾಳಿ ನುಂಗುತ್ತಿದ್ದರೆ ಆಮ್ಲಜನಕದ ಕೊರತೆಯ ಸಂದೇಹ ಹೆಚ್ಚು. ಯಾರ ಹೆಸರನ್ನೂ ಬರೆಯಬಾರದು. ಸತ್ತ ಮೀನನ್ನು ತಿನ್ನಬಾರದು, ದನಗಳನ್ನು ಆ ನೀರಿಗೆ ಬಿಡಬಾರದು. ಮೀನುಗಾರಿಕೆ ಇಲಾಖೆಗೆ ಅಂದೇ ತಿಳಿಸಿದರೆ ನೀರಿನ ಮಾದರಿ ತೆಗೆಯಲು ಸಾಧ್ಯ. ಎರಡು ದಿನ ತಡವಾದರೆ ಸಾಕ್ಷ್ಯ ಉಳಿಯುವುದಿಲ್ಲ.

ದಾಖಲೆಯನ್ನು ಎಲ್ಲಿಗೆ ತಲುಪಿಸಬೇಕು

ಹಕ್ಕಿಗಳಿಗೆ ಇ-ಬರ್ಡ್, ಉಳಿದೆಲ್ಲ ಜೀವಿಗಳಿಗೆ ಐ-ನ್ಯಾಚುರಲಿಸ್ಟ್ ಎಂಬ ಉಚಿತ ಮೊಬೈಲ್ ಆ್ಯಪ್‌ಗಳಿವೆ. ಎರಡರಲ್ಲಿಯೂ ನೆಟ್‌ವರ್ಕ್ ಇಲ್ಲದ ಕಡೆ ದಾಖಲಿಸಿಟ್ಟು ಊರಿಗೆ ಬಂದ ಮೇಲೆ ಕಳಿಸಬಹುದು. ಐ-ನ್ಯಾಚುರಲಿಸ್ಟ್‌ನಲ್ಲಿ ಹೆಸರು ಗೊತ್ತಿಲ್ಲದ ಜೀವಿಯ ಚಿತ್ರಕ್ಕೆ ಬಲ್ಲವರು ಹೆಸರು ಸೂಚಿಸುತ್ತಾರೆ. ಅಪಾಯದಲ್ಲಿರುವ ಜೀವಿಗಳ ನಿಖರ ಸ್ಥಳವನ್ನು ಅದು ತಾನಾಗಿಯೇ ಮರೆಮಾಡುತ್ತದೆ. ಇ-ಬರ್ಡ್‌ನಲ್ಲಿ ಕಂಡ ಎಲ್ಲ ಹಕ್ಕಿಗಳನ್ನೂ, ಕಾಗೆ-ಗುಬ್ಬಿಗಳನ್ನೂ ಬಿಡದೆ ಬರೆದ ಪೂರ್ಣ ಪಟ್ಟಿಗೆ ಹೆಚ್ಚು ಬೆಲೆ. ಹದಿನೈದು ನಿಮಿಷ ಸಾಕು.

ಆದರೆ ನನ್ನ ಅಭಿಪ್ರಾಯದಲ್ಲಿ ಮೊಬೈಲಿಗಿಂತ ಮೊದಲು ಕಾಗದದ ವಹಿ ಇರಬೇಕು. ಮೊಬೈಲ್ ಕೆಡುತ್ತದೆ, ಪಾಸ್‌ವರ್ಡ್ ಮರೆಯುತ್ತದೆ, ಮಗ ಊರು ಬಿಟ್ಟು ಹೋದರೆ ಆ್ಯಪ್ ತೆರೆಯುವವರಿಲ್ಲ. ಪೆನ್ಸಿಲಿನಲ್ಲಿ ಬರೆದದ್ದು ಮಳೆಯಲ್ಲಿ ನೆನೆದರೂ ಓದಲು ಬರುತ್ತದೆ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ನಿಮ್ಮ ಪಂಚಾಯ್ತಿಯ ದಾಖಲಾತಿಯನ್ನು ಒಮ್ಮೆ ಕೇಳಿ ಓದಿರಿ. ಊರಿನ ಹಳ್ಳದ ಮೀನು, ಏಡಿ, ಹಕ್ಕಿಗಳ ಪುಟ ತೆಳುವಾಗಿದ್ದರೆ ನಿಮ್ಮ ವಹಿಯ ಪ್ರತಿಯನ್ನು ಸಮಿತಿಗೆ ಲಿಖಿತವಾಗಿ ಸಲ್ಲಿಸಬಹುದು. ಕಡಲತೀರದ ಚಿತ್ರಗಳ ಬಗ್ಗೆ ಸಂದೇಹವಿದ್ದರೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಧಾರವಾಡದ ವಿಶ್ವವಿದ್ಯಾಲಯವೊಂದು ಕಡಲದಂಡೆಯಲ್ಲಿ ವಿಭಾಗ ನಡೆಸುತ್ತಿದೆ ಎಂಬುದು ನಮ್ಮವರಲ್ಲೇ ಅನೇಕರಿಗೆ ತಿಳಿದಿಲ್ಲ.

ಹೊಲದಲ್ಲಿ ಅನುಸರಿಸಬೇಕಾದ ಕ್ರಮಗಳು

ದಾಖಲಾತಿಯ ಜೊತೆಗೆ ಹಳ್ಳಕ್ಕೆ ಹೋಗುವುದನ್ನು ಹೊಲದಲ್ಲಿಯೇ ತಡೆಯುವ ಕ್ರಮಗಳು ರೈತರಿಗೆ ಹೊಸವಲ್ಲ. ಆಳವಾದ ಎರೆಭೂಮಿಯಲ್ಲಿ ಹಿಂಗಾರಿಗೆ ಮುನ್ನ ಚೌಕು ಮಡಿ ಮಾಡಿ ಮಳೆನೀರನ್ನು ನಿಲ್ಲಿಸಿದರೆ ತೇವಾಂಶದೊಂದಿಗೆ ಮಣ್ಣೂ ಉಳಿಯುತ್ತದೆ. ಹೆಚ್ಚುವರಿ ನೀರನ್ನು ಕೃಷಿ ಹೊಂಡಕ್ಕೆ ತಿರುಗಿಸಿದರೆ ಹೂಳು ಅಲ್ಲಿಯೇ ತಂಗುತ್ತದೆ. ದೊಡ್ಡ ಮಳೆಯ ಮುನ್ಸೂಚನೆ ಇರುವಾಗ ಗೋವಿನಜೋಳಕ್ಕೆ ಅಥವಾ ಹತ್ತಿಗೆ ಯೂರಿಯಾ ಮೇಲುಗೊಬ್ಬರ ಕೊಡಬಾರದು. 45 ಕಿಲೋಗ್ರಾಂ ಚೀಲದಲ್ಲಿ ಸಾರಜನಕ ಇರುವುದು ಸುಮಾರು 20.7 ಕಿಲೋಗ್ರಾಂ, ಅದರಲ್ಲಿ ತೊಳೆದುಹೋದದ್ದಕ್ಕೆ ನೀವು ಹಣ ಕೊಟ್ಟಿದ್ದೀರಿ, ಕೆಳಗಿನ ನೀರಿನಲ್ಲಿ ಅದು ಪಾಚಿಗೆ ಗೊಬ್ಬರವಾಗುತ್ತದೆ. ಪಶ್ಚಿಮ ಕರಾವಳಿಯಾಚೆ ಮುಂಗಾರು ಹಾಗೂ ಅದರ ನಂತರದ ತಿಂಗಳುಗಳಲ್ಲಿ ಕೆಳಪದರದ ಕಡಲನೀರಿನ ಆಮ್ಲಜನಕ ಕುಸಿಯುವುದನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯು ದೀರ್ಘಕಾಲದಿಂದ ಅಧ್ಯಯನ ಮಾಡಿದೆ. ಅದು ಮೂಲತಃ ನೈಸರ್ಗಿಕ ಕ್ರಿಯೆ. ಭೂಮಿಯಿಂದ ಹರಿದುಬರುವ ಸಾರಜನಕವು ಆ ಕೊರತೆಯನ್ನು ಇನ್ನಷ್ಟು ತೀವ್ರಗೊಳಿಸಬಲ್ಲದು.

ಹಳ್ಳದ ಅಂಚಿನ ಕೆಲವು ಸಾಲುಗಳಿಗೆ ಪೈರಿಥ್ರಾಯ್ಡ್ ಸಿಂಪಡಿಸದೆ ಬಿಡಬೇಕು. ಆ ಪಟ್ಟಿಯಲ್ಲಿ ಲಾವಂಚ ಅಥವಾ ಮೇವಿನ ಹುಲ್ಲು ಬೆಳೆಯಬಹುದು. ಕೀಟನಾಶಕದ ಡಬ್ಬಿಯನ್ನು ಮೂರು ಬಾರಿ ತೊಳೆದು, ತೊಳೆದ ನೀರನ್ನು ಸಿಂಪರಣಾ ಟ್ಯಾಂಕಿಗೇ ಸುರಿದು, ಡಬ್ಬಿಗೆ ತೂತು ಮಾಡಿ ಬೇರೆಯಾಗಿ ಇಡಬೇಕು. ಪಂಪನ್ನು ಹಳ್ಳದಲ್ಲಿ ತೊಳೆಯುವುದನ್ನು ಸಂಪೂರ್ಣ ನಿಲ್ಲಿಸಬೇಕು. ಹರಿದ ಹೊದಿಕೆ ಹಾಳೆ, ಹನಿ ನೀರಾವರಿಯ ಹಳೆಯ ಪೈಪು, ಗೊಬ್ಬರದ ಚೀಲಗಳನ್ನು ಮಳೆಗಾಲಕ್ಕೆ ಮುನ್ನ ಆಯ್ದು ತೆಗೆಯಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ರೈತ ಸಂಪರ್ಕ ಕೇಂದ್ರದ ವ್ಯಾಪ್ತಿಯಲ್ಲಿ ಹಳ್ಳದ ಒಂದು ಸೇತುವೆಯನ್ನು ಆಯ್ದುಕೊಂಡು, ಆಸಕ್ತ ಐದಾರು ರೈತರು ಹಾಗೂ ಹತ್ತಿರದ ಪ್ರೌಢಶಾಲೆಯ ಮಕ್ಕಳಿಂದ ಪ್ರತಿ ಅಮಾವಾಸ್ಯೆಯಂದು ಬೆಳಿಗ್ಗೆ ಅರ್ಧ ಗಂಟೆಯ ವೀಕ್ಷಣೆ ಆರಂಭಿಸಬಹುದು. ನಮ್ಮ ಭಾಗದಲ್ಲಿ ಅಮಾವಾಸ್ಯೆಯಂದು ಎತ್ತು ಹೂಡುವುದಿಲ್ಲವಾದ್ದರಿಂದ ರೈತರಿಗೆ ಬಿಡುವಿರುತ್ತದೆ. ಹಳ್ಳ ಬತ್ತಿದ ತಿಂಗಳಲ್ಲಿಯೂ ಹೋಗಬೇಕು. ‘ನೀರಿಲ್ಲ’ ಎಂಬುದೂ ದಾಖಲೆ. ಗಡಿಯಾರದ ಹೊತ್ತು, ನೀರಿನ ಮಟ್ಟ (ಸೇತುವೆಯ ಕಂಬಕ್ಕೆ ಬಣ್ಣದ ಗೆರೆ ಹಾಕಿದರೆ ಸಾಕು), ನೀರಿನ ಬಣ್ಣ, ಕಂಡ ಹಕ್ಕಿ, ಮೀನು, ಏಡಿ, ಏರೋಪ್ಲೇನ್ ಚಿಟ್ಟೆ, ತೇಲಿಬಂದ ಪ್ಲಾಸ್ಟಿಕ್ ಇಷ್ಟೇ ಕಲಂಗಳಿರಲಿ. ಕಲಂಗಳು ಹೆಚ್ಚಾದಷ್ಟೂ ಮೂರನೆಯ ತಿಂಗಳಿಗೆ ವಹಿ ನಿಲ್ಲುತ್ತದೆ.

ಏಷ್ಯಾದಾದ್ಯಂತ 1987ರಿಂದ ನಡೆಯುತ್ತಿರುವ ನೀರುಹಕ್ಕಿಗಳ ಗಣತಿ ಪ್ರತಿ ಜನವರಿಯಲ್ಲಿ ಇರುತ್ತದೆ. ಫೆಬ್ರುವರಿಯಲ್ಲಿ ನಾಲ್ಕು ದಿನಗಳ ಹಿತ್ತಿಲ ಹಕ್ಕಿ ಎಣಿಕೆ ಬರುತ್ತದೆ. ಗೋಕರ್ಣ ಯಾತ್ರೆಗೆ ಬಸ್ಸು ಗೊತ್ತುಮಾಡುವ ಊರುಗಳನ್ನು ಗುರುತಿಸಿ, ಆ ಗುಂಪಿನಲ್ಲಿ ಒಬ್ಬರಿಗಾದರೂ ಮೇಲಿನ ಚೌಕದ ಎಣಿಕೆಯನ್ನು ಊರಿನ ಕೆರೆಯಂಗಳದಲ್ಲಿಯೇ ಒಮ್ಮೆ ಮಾಡಿಸಿ ಅಭ್ಯಾಸ ಕೊಡಿ. ನಾಲ್ಕು ಕಡ್ಡಿ, ನಾಲ್ಕು ಮೀಟರ್ ದಾರ, ಒಂದು ಪೆನ್ಸಿಲ್ ಮತ್ತು ಆ ದಿನದ ಇಳಿತದ ಹೊತ್ತು ಬರೆದ ಚೀಟಿಯನ್ನು ಅವರ ಕೈಗೆ ಕೊಟ್ಟು ಕಳಿಸಿ.